ಮಲ್ಲಯ್ಯನ ಹೋರಿ ಮತ್ತು ಮಾಲಕರ ಸಹಿ

ದನದ ದವಾಖಾನೆಯ ನೌಕರಿಗೆ ಹೊಸದಾಗಿ ಸೇರಿರುವ ತರುಣರಿಗೆ ಮೊದಲೇ ಒಂದು ಸಂಗತಿ ತಿಳಿಸಿಬಿಡುವುದು ಲೇಸು. ರಾಷ್ಟ್ರೀಯ ನೀತಿ ಎಂಬುದು ದೆಹಲಿಯಲ್ಲಿ ಹುಟ್ಟುತ್ತದೆ. ಬೆಂಗಳೂರಿನಲ್ಲಿ ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತಾರೆ. ಬೆಳಗಾವಿಯಲ್ಲಿ ಅದಕ್ಕೆ ಜಾವಕ ಸಂಖ್ಯೆ ಬೀಳುತ್ತದೆ. ಚಿಕ್ಕೋಡಿಯಲ್ಲಿ ಅದರ ಮೇಲೆ ಚಹಾ ಚೆಲ್ಲುತ್ತದೆ. ಇಷ್ಟೆಲ್ಲ ಸಂಸ್ಕಾರ ಮುಗಿಸಿಕೊಂಡು ಕೊನೆಗೆ ಅದು ಬಂದು ತಲುಪುವುದು ಒಂದು ದನದ ಹಿಂಭಾಗಕ್ಕೆ. ಆ ಹಿಂಭಾಗದಲ್ಲಿ, ಒದೆ ಬೀಳದಷ್ಟು ಓರೆಯಾಗಿ ನಿಂತಿರುವ ಮನುಷ್ಯನೇ ನೀವು.

ನಾನು ಆ ಸ್ಥಾನದಲ್ಲಿ ನಿಪ್ಪಾಣಿ, ರಾಯಬಾಗ, ಚಿಕ್ಕೋಡಿ ಎಂದು ಸುತ್ತಿ, ಕೊನೆಗೆ ಅಥಣಿ-ಕಾಗವಾಡದ ಸೀಮೆಯಲ್ಲಿ ನಿಂತು ನಿವೃತ್ತನಾದೆ. ಬಡ್ತಿಗಳು ಬಂದವು, ಬಂದಾಗ ಪೇಢೆ ಹಂಚಿದೆ, ಪೇಢೆ ತಿಂದವರು ಮರೆತರು. ಆ ವಿಷಯ ಇಲ್ಲಿಗೆ ಮುಗಿಯಿತು.

ಹುದ್ದೆಯಿಂದ ನಾನು ಜಾನುವಾರು ಪರಿವೀಕ್ಷಕ, ಡಾಕ್ಟರನಲ್ಲ. ಆದರೆ ಮೊಣಕೈತನಕ ಸೆಗಣಿಯಾದ, ಪ್ಯಾಂಟು ಹಾಕಿದ ಯಾವ ಮನುಷ್ಯನನ್ನೂ ನಮ್ಮ ಕಡೆ ಡಾಕ್ಟರ್ ಎಂದೇ ಕರೆಯುತ್ತಾರೆ. ನಾನೂ ಆಕ್ಷೇಪಿಸಲಿಲ್ಲ.

ನಾನು ಈ ಸೀಮೆಗೆ ಬಂದದ್ದು ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ. ಆಗ ನಮ್ಮ ಮೇಲಿದ್ದ ಆದೇಶ ಬಹಳ ಸರಳ. ನಾಡ ಆಕಳು ಬೆದೆಗೆ ಬಂದರೆ ಜರ್ಸಿಯ ಸೂಜಿ, ಅಂದರೆ ಕೃತಕ ಗರ್ಭಧಾರಣೆ. ನಾಡ ಹೋರಿ ಕಂಡರೆ ಇಕ್ಕಳ. ಇಕ್ಕಳವೆಂದರೆ ಬೀಜ ಒಡೆಯುವ ಇಕ್ಕಳ. ರಕ್ತ ಬರದಂತೆ, ಒಂದೇ ಹಿಡಿತಕ್ಕೆ ಹೋರಿಯ ವಂಶಾವಳಿಗೆ ಪೂರ್ಣವಿರಾಮ ಹಾಕುವ ಸಾಧನ. ನಾಡ ದನಗಳಿಗೆ ಸರ್ಕಾರಿ ಕಾಗದದಲ್ಲಿ ಒಂದು ಹೆಸರಿತ್ತು: ‘ನಿರ್ದಿಷ್ಟ ತಳಿಯಲ್ಲದ’. ಆಳೆತ್ತರ ನಿಂತು, ಬಿಲ್ಲಿನಂಥ ಕೊಂಬು ಬೀಸಿ, ನನ್ನನ್ನು ನೋಡುತ್ತಿದ್ದ ಖಿಲ್ಲಾರಿ ಹೋರಿಯ ಮುಂದೆ ನಿಂತು ‘ನಿರ್ದಿಷ್ಟ ತಳಿಯಲ್ಲದ’ ಎಂದು ಬರೆಯುವಾಗ ಅದು ಓದು ಬಲ್ಲದೇನೋ ಎಂದು ಅಳುಕಾಗುತ್ತಿತ್ತು.

ವಿಚಿತ್ರವೆಂದರೆ, ಅದೇ ಕಾಲಕ್ಕೆ ದೇಶದಲ್ಲಿ ಜೀವವೈವಿಧ್ಯವನ್ನು ಕಾಯುವ ಕಾನೂನೂ ಆಗಿತ್ತು. ಆದರೆ ಅದು ಬೇರೆ ಇಲಾಖೆಯ ಕಪಾಟಿನಲ್ಲಿತ್ತು. ನಮ್ಮ ಕಪಾಟಿನಲ್ಲಿ ಇಕ್ಕಳವಿತ್ತು. ನಡುವೆ ಒಂದು ಗೋಡೆ. ಆ ಗೋಡೆ ದಾಟಿ ಈಚೆ ಬರಲು ಕಾನೂನಿಗೆ ಹೆಚ್ಚುಕಡಿಮೆ ಒಂದು ಹೋರಿಯ ಅರ್ಧ ಆಯುಷ್ಯ ಹಿಡಿಯಿತು. ಆ ಹೋರಿಯ ಕಥೆಯನ್ನೇ ಹೇಳಲು ಕುಳಿತಿದ್ದೇನೆ.

ನನ್ನ ಮೇಲಧಿಕಾರಿ ಮೈಸೂರು ಕಡೆಯವರು. ಹೆಸರು ಬೇಡ, ಸುತ್ತೋಲೆ ಸಾಹೇಬರು ಎಂದರೆ ಸಾಕು. ಅವರ ಲೋಕದಲ್ಲಿ ಎರಡೇ ಬಗೆಯ ವಸ್ತುಗಳಿದ್ದವು: ಸುತ್ತೋಲೆಯಲ್ಲಿ ಇರುವವು ಮತ್ತು ಇಲ್ಲದವು. ಮಳೆ ಬಂದರೂ ಅದಕ್ಕೆ ಮೇಲಿನಿಂದ ಅನುಮೋದನೆ ಇದೆಯೇ ಎಂದು ಆಕಾಶ ನೋಡುವವರು. ಕೆಟ್ಟವರಲ್ಲ. ಸರ್ಕಾರಿ ಪೆನ್ನಿನಲ್ಲಿ ಮನೆಯ ಕಿರಾಣಿ ಚೀಟಿ ಬರೆದದ್ದನ್ನು ನಾನು ಕಂಡಿಲ್ಲ.

ಅವರು ನನಗೆ ಮೊದಲ ವಾರವೇ ಸತ್ತಿ ಗ್ರಾಮದಿಂದ ಹೊಳೆದಂಡೆ ಹಿಡಿದು ಹೋದರೆ ಸಿಗುವ ಒಂದು ಊರನ್ನು ವಹಿಸಿದರು. ಊರಿನ ಹೆಸರನ್ನೂ ಬಿಡುತ್ತೇನೆ. ಅಲ್ಲಿಯವರು ಈಗಲೂ ನನ್ನನ್ನು ಊಟಕ್ಕೆ ಕರೆಯುತ್ತಾರೆ, ಅದನ್ನು ಕೆಡಿಸಿಕೊಳ್ಳಲಾರೆ. ನಾನು ಹೋಗಿ ನೋಡುತ್ತೇನೆ, ಊರಲ್ಲಿ ಹೋರಿಯೇ ಇಲ್ಲ. ಗೂಟವಿದೆ, ಹಗ್ಗವಿದೆ, ಬಿಸಿಯಾರದ ಸೆಗಣಿಯಿದೆ, ಹೋರಿ ಇಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿದೆ.

“ಯಜಮಾನ್ರ, ಹೋರಿ ಎಲ್ಲಿ ಅದಾವ್ರಿ?”

“ಹೋರಿ? ನಮ್ಮೂರಾಗ ಹೋರಿ ಯಾಕ ಇರ್ತಾವ್ರಿ?”

“ಅಲ್ಲಿ ಕಬ್ಬಿನಾಗ ಏನೋ ಅಳ್ಳಾಡಾಕತ್ತೇತಲ್ಲ. ಗಾಳಿ ಅಂತೂ ಇಲ್ಲ.”

ಹಿರಿಯರು ಕಬ್ಬಿನ ಕಡೆ ನಿಧಾನವಾಗಿ ತಿರುಗಿ ನೋಡಿದರು. “ಅದಾ? ಅದು ಕಬ್ಬು ಬೆಳ್ಯಾಕತ್ತೇತ್ರಿ. ಈ ಸಲ ಗೊಬ್ಬರ ಭಾಳ ಹಾಕೇವಿ.”

ತಪ್ಪು ನನ್ನ ಮೋಟಾರುಸೈಕಲ್ಲಿನದು. ಅದರ ಸೈಲೆನ್ಸರ್ ಒಡೆದಿತ್ತು. ನಾನು ಹೊಳೆಯ ತಿರುವಿನಲ್ಲಿರುವಾಗಲೇ ಊರಿಗೆ ನನ್ನ ಆಗಮನದ ಘೋಷಣೆಯಾಗಿ, ಹೋರಿಗಳು ಕಬ್ಬಿನೊಳಗೆ ವಾನಪ್ರಸ್ಥ ಸ್ವೀಕರಿಸುತ್ತಿದ್ದವು. ಸಾಹೇಬರಿಗೆ ವರದಿ ಮಾಡಿದೆ. ಅವರು ಗಂಭೀರವಾಗಿ ಯೋಚಿಸಿ, ‘ರಾಷ್ಟ್ರೀಯ ತಳಿ ಸುಧಾರಣೆಯ ಹಿತದೃಷ್ಟಿಯಿಂದ’ ಸೈಲೆನ್ಸರ್ ರಿಪೇರಿಗೆ ಮಂಜೂರಾತಿ ಕೊಟ್ಟರು. ದೇಶದ ನೀತಿಗೂ ನನ್ನ ಗಾಡಿಯ ಹೊಗೆಕೊಳವೆಗೂ ಇದ್ದ ಸಂಬಂಧ ನನಗೆ ಆಗಲೇ ಮನವರಿಕೆಯಾದದ್ದು.

ಮುಂದಿನ ಸಲ ಬೆಕ್ಕಿನಂತೆ ಹೋದೆ. ಊರ ಅಂಚಿನ ಮೊದಲ ಮನೆಯ ಅಂಗಳದಲ್ಲೇ ಒಂದು ಹೋರಿಗರು ಸಿಕ್ಕಿತು. ಇನ್ನೂ ಹಾಲುಹಲ್ಲು. ಬೆಳ್ಳಗೆ, ನೆಟ್ಟಗೆ, ಉದ್ದ ಮುಖ; ಕಣ್ಣಿನ ಸುತ್ತ ಯಾರೋ ಕಾಡಿಗೆ ತೀಡಿದಂತೆ ಕಪ್ಪು. ನಾನು ಚೀಲದಿಂದ ಇಕ್ಕಳ ತೆಗೆಯುವುದಕ್ಕೂ ಆ ಮನೆಯ ತಾಯವ್ವ ಹೊರಗೆ ಬರುವುದಕ್ಕೂ ಸರಿಹೋಯಿತು. ಗಂಡ ತೀರಿಕೊಂಡ ಮೇಲೆ ಮಗನನ್ನು ಕಟ್ಟಿಕೊಂಡು ತಾನೇ ಹೊಲ ಮಾಡಿಸುತ್ತಿದ್ದ ಹೆಂಗಸು. ನನ್ನನ್ನು ನೋಡಿದಳು, ಇಕ್ಕಳ ನೋಡಿದಳು, ತಿರುಗಿ ಒಳಗೆ ಹೋದಳು. ಹೆದರಿದಳು ಅಂದುಕೊಂಡೆ. ಹೊರಗೆ ಬಂದಾಗ ಅವಳ ಮುಷ್ಟಿಯ ತುಂಬ ದೇವರ ಜಗಲಿಯ ಮೇಲಿನ ಭಂಡಾರವಿತ್ತು. ಮಂಗಸೂಳಿಯ ಮಲ್ಲಯ್ಯನ ಪ್ರಸಾದವಾದ ಆ ಅರಿಶಿನದ ಪುಡಿಯನ್ನು ಕರುವಿನ ಹಣೆಗೆ, ಹೆಗಲ ಮೇಲಿನ ಡುಬ್ಬವಾದ ಇಣಿಗೆ, ಬೆನ್ನಿಗೆ ಸವರಿ, ಉಳಿದದ್ದನ್ನು ಗಾಳಿಗೆ ತೂರಿದಳು. ಅದರಲ್ಲಿ ಅರ್ಧ ನನ್ನ ಅಂಗಿಯ ಮೇಲೆ ಬಿತ್ತು.

“ಮುಟ್ಟಬ್ಯಾಡ್ರಿ ಅಂವನ್ನ. ಅಂವ ಮಲ್ಲಯ್ಯನ ಹೋರಿ.”

“ಯಾವಾಗಿಂದ ಬೇ?”

“ಈಗಿಂದ.”

“ಹಂಗ ಹೆಂಗ ಆಗತೈತಿ? ಸರ್ಕಾರದ ಆರ್ಡರ್ ಐತಿ ನನ್ನ ಕೈಯಾಗ.”

“ಹೌದನು? ಹಂಗಾರ ಮಂಗಸೂಳಿಗೆ ಹೋಗಿ ತೋರ್ಸಿ ಬರ್ರಿ. ಅಂವ ಹೂಂ ಅಂದ್ರ ನಾನ ಕಾಲು ಹಿಡ್ಕೊಂಡು ನಿಲ್ಲತೇನಿ.”

ಸಾಹೇಬರು ಇದನ್ನು ಕೇಳಿ ಬೀರು ತೆರೆದರು. ಧೂಳು ಜಾಡಿಸಿ, ಹಳೆಯ ಸುತ್ತೋಲೆ ಹುಡುಕಿ, ಬೆರಳಿಟ್ಟು ಓದಿದರು: “ದೇವರಿಗೆ ಬಿಟ್ಟ ಹೋರಿಗಳನ್ನು ಹೊರತುಪಡಿಸಿ. ಕಣ್ರೀ, ಹೊರತುಪಡಿಸಿ ಅಂತ ಇದೆ. ಬಿಟ್ಟುಬಿಡಿ.”

“ಸರ್, ಆಕಿ ನನ್ನ ಕಣ್ಣೆದುರಿಗೆ ಹಚ್ಚಿದ್ಳು.”

“ಯಾವಾಗ ಹಚ್ಚಿರಬೇಕು ಅಂತ ಸುತ್ತೋಲೆಯಲ್ಲಿ ಹೇಳಿಲ್ಲ.”

ಈ ತೀರ್ಪು ನಾನು ಕಚೇರಿಯಿಂದ ಹೊರಬೀಳುವ ಮೊದಲೇ ಹೊಳೆ ದಾಟಿ ಹೋಗಿತ್ತು. ಮುಂದಿನ ಸುತ್ತಿಗೆ ಹೋದಾಗ ಸತ್ತಿಯಿಂದ ಜುಗೂಳದವರೆಗೆ ಬಿಳಿಯ ಹೋರಿ ಎಂಬುದೇ ಇರಲಿಲ್ಲ, ಎಲ್ಲವೂ ಹಳದಿ. ಒಬ್ಬನಂತೂ ಅವಸರದಲ್ಲಿ ಎಮ್ಮೆಗೂ ಹಚ್ಚಿದ್ದ. ಮಲ್ಲಯ್ಯನ ಜಾನುವಾರು ಸಂಪತ್ತು ಒಂದೇ ಹಂಗಾಮಿನಲ್ಲಿ ವೃದ್ಧಿಸಿದ ಪರಿಗೆ ಯಾವ ಸರ್ಕಾರಿ ಯೋಜನೆಯೂ ಸಾಟಿಯಲ್ಲ. ಕಾನೂನು ಬೇರೆ ಕಪಾಟಿನಲ್ಲಿ ಮಲಗಿದ್ದಾಗ ನಮ್ಮ ಸೀಮೆಯಲ್ಲಿ ತಳಿ ಸಂರಕ್ಷಣೆ ನಡೆದದ್ದು ಹೀಗೆ, ಅರಿಶಿನದ ಖರ್ಚಿನಲ್ಲಿ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಜರ್ಸಿಯನ್ನು ಬೈಯುವ ಈಗಿನ ಭಜನೆಗೆ ನಾನು ತಾಳ ಹಾಕುವುದಿಲ್ಲ. ಹಾಲು ಬಂತು. ಎಷ್ಟೋ ಮನೆಯ ಹೆಣ್ಣುಮಕ್ಕಳು ಆ ಹಾಲಿನ ಮೇಲೆ ಕಾಲೇಜು ಕಂಡರು. ಮೊದಲು ಐಸಿನ ಥರ್ಮಾಸಿನಲ್ಲಿ, ಆಮೇಲೆ ಹೊಗೆಯಾಡುವ ನೈಟ್ರೋಜನ್ ಡಬ್ಬಿಯಲ್ಲಿ ನಾನು ಜರ್ಸಿಯ ವೀರ್ಯ ಹೊತ್ತು ತಿರುಗಿದ್ದು ಸುಳ್ಳಲ್ಲ. ತೊಡಕು ಬಂದದ್ದು ಗಂಡುಕರುಗಳಲ್ಲಿ. ತಾಯವ್ವನ ಮಗ ಅಪ್ಪಾಸಾಬ ಹೊಸತೆಂದರೆ ಮುನ್ನುಗ್ಗುವ ಆಸಾಮಿ. ಅವ್ವನ ಕಣ್ಣು ತಪ್ಪಿಸಿ ಒಂದು ಆಕಳಿಗೆ ಜರ್ಸಿ ಸೂಜಿ ಮಾಡಿಸಿದ್ದ. ಹುಟ್ಟಿದ ಹೋರಿಗರು ಬೆಳೆದು ಎತ್ತಾಯಿತು. ಒಂದು ದಿನ ದವಾಖಾನೆಯ ಬಾಗಿಲಿಗೆ ಅದನ್ನು ಎಳೆದುಕೊಂಡು ಬಂದ.

“ಸಾಹೇಬ್ರ, ಇದರ ಇಣಿ ಯಾವಾಗ ಬರ್ತೈತ್ರಿ? ಹಾದಿ ನೋಡಿ ನೋಡಿ ಸಾಕಾತು.”

“ಬರೂದಿಲ್ಲೋ. ಜರ್ಸಿಗೆ ಇಣಿನ ಇರೂದಿಲ್ಲ.”

“ಅಂದ್ರ ನೊಗ ಎಲ್ಲಿ ಇಡ್ಲ್ಯಾ? ನಿಮ್ಮ ಹೆಗಲ ಮ್ಯಾಲ?”

ಪ್ರಶ್ನೆಯನ್ನು ಸಾಹೇಬರಿಗೆ ಒಯ್ದೆ. ಅವರು ಬೀರು ತೆರೆದು ನೋಡಿದರು, ಇಣಿಯ ಸುತ್ತೋಲೆ ಇರಲಿಲ್ಲ. ಅಪ್ಪಾಸಾಬ ಅದಕ್ಕೆ ತಾನೇ ಪರಿಹಾರ ಕಂಡುಕೊಂಡ: ಟ್ರ್ಯಾಕ್ಟರ್ ತಂದ. ಅವನೊಬ್ಬನೇ ಅಲ್ಲ, ಊರೆಲ್ಲ ತಂದಿತು. ಜೋಳದ ಹೊಲಕ್ಕೆಲ್ಲ ಕಬ್ಬು ಬಂತು. ಜೋಳ ಹೋದಲ್ಲಿ ಅದರ ಒಣದಂಟಿನ ಮೇವಾದ ಕಣಿಕೆ ಹೋಯಿತು. ಕಣಿಕೆ ಹೋದಲ್ಲಿ ಹೋರಿಗೆ ಮೇವಿಲ್ಲದಾಯಿತು. ನನ್ನ ಇಕ್ಕಳಕ್ಕೆ ಬಗ್ಗದ ಹಳದಿ ಹೋರಿಗಳು ಒಂದೊಂದಾಗಿ ಸಂತೆ ಕಂಡವು. ಮಲ್ಲಯ್ಯ ಸಾಲು ಸಾಲಾಗಿ ಆಸ್ತಿ ಕಳೆದುಕೊಂಡ.

ತಾಯವ್ವನ ಹೋರಿ ಮಾತ್ರ ಉಳಿಯಿತು. ಅದಕ್ಕೆ ಸರಜಾ ಎಂದು ಹೆಸರು. ಹಲ್ಲೆಲ್ಲ ಬಂದು ಬಾಯಿಗೂಡಿ, ಆನೆಮರಿಯಂತಾಗಿತ್ತು. ಊರೆಲ್ಲ ಮಾರಿದರೂ ಇವಳೇಕೆ ಮಾರಲಿಲ್ಲ ಎಂದು ಒಮ್ಮೆ ಕೇಳಿದೆ.

“ಅವತ್ತ ನಿಮ್ಮ ಮುಂದ ಸುಳ್ಳು ಹೇಳಿದ್ನಿರಿ,” ಎಂದಳು. “ನೀವ್ ಕೇಳಲೆಂತ ಹೇಳಿದ್ದು. ಹಾಳಾದ್ದು, ಮಲ್ಲಯ್ಯನೂ ಕೇಳಿಸ್ಕೊಂಡ. ಈಗ ಅದು ಖರೇ ಆಗಿ ಕುಂತೈತಿ.”

ಎರಡು ಸಾವಿರದ ಹತ್ತನೆಯ ಇಸವಿ ದಾಟಿದ ಮೇಲೆ ಒಂದು ದಿನ ಗೋಡೆ ಒಡೆಯಿತು. ಆ ಕಪಾಟಿನ ಕಾನೂನು ಈ ಕಪಾಟಿಗೆ ಬಂತು. ನಾಡ ತಳಿಗಳೂ ದೇಶದ ಜೀವವೈವಿಧ್ಯವೇ, ಅವುಗಳನ್ನು ಉಳಿಸುವುದು ಇನ್ನು ಮೇಲೆ ನಿಮ್ಮದೇ ಕರ್ತವ್ಯ ಎಂದು ಆದೇಶವಾಯಿತು. ಇಕ್ಕಳ ಕೆಳಗಿಡಿ, ಶುದ್ಧ ತಳಿಯ, ಬೀಜ ಒಡೆಯದ ಹೋರಿಗಳನ್ನು ಪತ್ತೆಹಚ್ಚಿ, ಆಯ್ಕೆಯಾದ ಹೋರಿಗೆ ಸರ್ಕಾರದಿಂದ ಮೇವು, ಅದು ಊರಲ್ಲೇ ಇದ್ದು ಸುತ್ತಲಿನ ಖಿಲ್ಲಾರಿ ಆಕಳುಗಳಿಗೆ ಕರು ಕೊಡಬೇಕು.

ಮಿತ್ರರೇ, ನೀವು ಸಂತೋಷಪಟ್ಟಿರಬಹುದು. ನಮಗೆ ಮೊದಲು ಆದದ್ದು ಗಾಬರಿ. ನಾವು ಹಿಂದಿನ ಆದೇಶವನ್ನು ಸ್ವಲ್ಪ ಹೆಚ್ಚೇ ನಿಷ್ಠೆಯಿಂದ ಪಾಲಿಸಿದ್ದೆವು.

ಸಾಹೇಬರು ‘ನಾಡ ತಳಿ ಸಂರಕ್ಷಣಾ ಶಿಬಿರ’ ಏರ್ಪಡಿಸಿದರು. ಪೆಂಡಾಲು, ಹಾರ, ಮೈಕು, ದೊಡ್ಡ ದೊಡ್ಡ ಜನ. ಸಾಹೇಬರು ಭಾಷಣದ ಕಾಗದ ತೆಗೆದರು. ಆದರೆ ಅದು ಹಳೆಯ ಫೈಲಿನದು, ಹಳೆಯ ನೀತಿಯ ಕಾಲದ ಭಾಷಣ. ಗಂಟಲು ಸರಿಮಾಡಿಕೊಂಡು ಓದತೊಡಗಿದರು: “ಬಂಧುಗಳೇ, ನಮ್ಮ ನಾಡ ಹೋರಿಗಳನ್ನು ಇನ್ನು ಐದೇ ವರ್ಷಗಳಲ್ಲಿ ಸಂಪೂರ್ಣವಾಗಿ ನಿರ್ಮೂಲನೆ...” ಅಲ್ಲಿ ಅವರ ಕಣ್ಣು ಎದುರಿನ ಬ್ಯಾನರಿನ ಮೇಲೆ ಬಿತ್ತು. ಸಾಹೇಬರು ಒಂದು ಗುಟುಕು ನೀರು ಕುಡಿದು ವಾಕ್ಯ ಮುಗಿಸಿದರು: “...ಮಾಡಲು ನಾವು ಎಂದೆಂದಿಗೂ ಬಿಡಬಾರದು!” ಚಪ್ಪಾಳೆ ಬಿತ್ತು. ಕನ್ನಡದಲ್ಲಿ ‘ಬಾರದು’ ಎಂಬುದು ವಾಕ್ಯದ ಕೊನೆಗೆ ಬರುತ್ತದೆ. ಅದೊಂದು ಅಂದು ಅವರ ನೌಕರಿ ಉಳಿಸಿತು. ಉಳಿದ ಎರಡು ಪುಟವನ್ನೂ ಅವರು ಹಾಗೆಯೇ, ಪ್ರತಿ ವಾಕ್ಯದ ಬಾಲ ತಿರುಚುತ್ತ, ಬೆವರುತ್ತ ಓದಿ ಮುಗಿಸಿದರು. ಅಷ್ಟು ಪರಿಣಾಮಕಾರಿಯಾದ ಭಾಷಣವನ್ನು ಅವರು ಮುಂಚೆಯೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಶಿಬಿರ ಮುಗಿಯಿತು, ಹೋರಿ ಎಲ್ಲಿ? ಹುಡುಕಿದೆವು. ರಾಯಬಾಗದ ಕಡೆ ಒಂದು ಸಿಕ್ಕಿತು, ಅದರ ಮೇಲೆ ನನ್ನದೇ ಇಕ್ಕಳದ ಗುರುತಿತ್ತು. ನಿಪ್ಪಾಣಿಯ ಕಡೆ ಒಂದು ಸಿಕ್ಕಿತು, ಅದರ ಮಾಲಕ ನನ್ನನ್ನು ಕಂಡ ಕೂಡಲೇ ಹಳೆಯ ನೆನಪಿನಿಂದ ಅದನ್ನು ಹೊರಗೆ ಓಡಿಸಿಬಿಟ್ಟ, ಅದು ಮರಳಿ ಬರಲಿಲ್ಲ. ನನಗೆ ಸರಜಾನ ನೆನಪಾಯಿತು. ಹೋದೆ.

ಸರಜಾ ಬಡವಾಗಿದ್ದ. ಪಕ್ಕೆಲುಬು ಎಣಿಸುವಂತಿತ್ತು. ಅಪ್ಪಾಸಾಬ ಕಬ್ಬಿನ ಸೋಗೆ ತಂದು ಹಾಕಿದ್ದ. ಹೋರಿ ಮೂಸಿ ಬಿಟ್ಟಿತ್ತು.

“ನೀವ ಹೇಳ್ರಿ ಸಾಹೇಬ್ರ,” ಎಂದ ಅಪ್ಪಾಸಾಬ. “ನೊಗ ಹೂಡೂದಿಲ್ಲ, ದೇವರ ಹೋರಿ. ಮಾರೂದಿಲ್ಲ, ದೇವರ ಹೋರಿ. ಆ ದೇವರು ಒಂದ ದಿನಾರ ಒಂದ ಹೊರೆ ಕಣಿಕಿ ತಂದು ಒಗದಾನನು?”

“ಲೇ, ನಾಲಿಗಿ ಬಿಗಿ ಹಿಡಿ,” ಎಂದಳು ತಾಯವ್ವ ಒಳಗಿನಿಂದ. ಹೊರಗೆ ಬಂದು ಹೋರಿಯ ಗಂಗೆದೊಗಲು ಸವರುತ್ತ ನನಗೆ ಹೇಳಿದಳು: “ಕಾರಹುಣ್ಣಿವಿ ತನಕ ನೋಡತೇನ್ರಿ. ಅವತ್ತ ಕೊಂಬಿಗೆ ಬಣ್ಣಾ ಹಚ್ಚಿ, ಮಂಗಸೂಳಿಗೆ ನಡಿಸ್ಕೊಂಡು ಹೋಗಿ ಅಂವನ ಕೈಯಾಗ ಕೊಟ್ಟು ಬರ್ತೇನಿ. ಅಂವನ ಹೋರಿ, ಅಂವ ನೋಡ್ಕೊಳ್ಳಲಿ.”

ಗುಡಿಗೆ ಬಿಟ್ಟ ದನಗಳ ಪಾಡು ನನಗೆ ಗೊತ್ತಿತ್ತು. ಭಕ್ತರು ಎಸೆದ ತೆಂಗಿನ ಚೂರು, ಅದನ್ನು ಸುತ್ತಿದ ಪ್ಲಾಸ್ಟಿಕ್ಕು; ಅದರ ಮೇಲೆ ಖಿಲ್ಲಾರಿ ಹೋರಿ ಎಷ್ಟು ದಿನ ಬದುಕೀತು? ಸುತ್ತಲಿನ ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ಖಿಲ್ಲಾರಿ ಆಕಳು ಇನ್ನೂ ಇದ್ದವು. ಹೋರಿ ಇರಲಿಲ್ಲ. ಸರಜಾ ಆಯ್ಕೆಯಾದರೆ ಮೇವು ಬರುತ್ತದೆ, ಕರು ಬರುತ್ತವೆ. ಇಲ್ಲವಾದರೆ ಕಾರಹುಣ್ಣಿಮೆಗೆ ಈ ಹೊಳೆದಂಡೆಯ ಖಿಲ್ಲಾರಿ ಕಣ್ಣಿಗೆ ಕಾಡಿಗೆ ತೀಡಿಕೊಂಡು ಮೆರವಣಿಗೆಯಲ್ಲಿ ಹೊರಟುಹೋಗುತ್ತದೆ.

ಅರ್ಜಿ ತುಂಬಿದೆ. ಹಳೆಯ ದನದ ವ್ಯಾಪಾರಿಗಳು ಖಿಲ್ಲಾರಿಯಲ್ಲೇ ನಾಲ್ಕಾರು ಕವಲು ಹೇಳುತ್ತಿದ್ದರು. ಮೂಲ ಸೀಮೆಯದ್ದಲ್ಲದ, ಅದರ ಪಕ್ಕದ ಸೀಮೆಗಳಲ್ಲಿ ಬೆಳೆದ ಒಂದು ಕವಲಿಗೆ ‘ನಕಲಿ ಖಿಲ್ಲಾರಿ’ ಎಂದೇ ಹೆಸರು. ದನ ಅಸಲಿ, ಹೆಸರು ಮಾತ್ರ ನಕಲಿ. ಸರಜಾ ಆ ಕವಲಿನವನು. ಶಾಸ್ತ್ರೋಕ್ತವಾಗಿ ‘ಉಪತಳಿ: ನಕಲಿ ಖಿಲ್ಲಾರಿ’ ಎಂದು ಬರೆದು ಕಳಿಸಿದೆ. ಮೇಲಿನ ಕಚೇರಿಯಿಂದ ಅರ್ಜಿ ಹಿಂದಿರುಗಿತು, ಕೆಂಪು ಶಾಯಿಯಲ್ಲಿ: ‘ನಕಲಿ ಹೋರಿಗಳಿಗೆ ಯೋಜನೆಯಲ್ಲಿ ಅವಕಾಶವಿಲ್ಲ. ಅಸಲಿ ಹೋರಿಯನ್ನು ಹಾಜರುಪಡಿಸುವುದು.’

ಸಾಹೇಬರು ನನ್ನನ್ನು ಕರೆದರು. “ಏನ್ರೀ ಇದು? ಸರ್ಕಾರಕ್ಕೆ ಡೂಪ್ಲಿಕೇಟ್ ಹೋರಿ ತೋರಿಸ್ತೀರಾ?”

ಅರ್ಧ ದಿನ ವಿವರಿಸಿದೆ. ಕೊನೆಗೆ ಅವರೇ ಉಪತಳಿಯ ಸಾಲನ್ನು ಅಡ್ಡಗೆರೆ ಎಳೆದು ಹೊಡೆದು ‘ಖಿಲ್ಲಾರಿ’ ಎಂದಷ್ಟೇ ಉಳಿಸಿದರು. “ನೀವು ಜಾಸ್ತಿ ನಿಜ ಬರೀಬೇಡಿ,” ಎಂದರು. “ಕಚೇರಿ ತಡಕೊಳ್ಳೋಲ್ಲ.” ಇದೊಂದು ಸಲಹೆಯನ್ನು ನೀವೂ ಎತ್ತಿಟ್ಟುಕೊಳ್ಳಬಹುದು.

ಇನ್ನೊಂದು ಷರತ್ತಿತ್ತು: ಗ್ರಾಮ ಪಂಚಾಯತಿಯ ಜೀವವೈವಿಧ್ಯ ಸಮಿತಿ ಶಿಫಾರಸು ಮಾಡಬೇಕು. ಅಂಥ ಸಮಿತಿ ಕಾಗದದ ಮೇಲೆ ಇತ್ತು. ಕುರ್ಚಿಯ ಮೇಲೆ ಇರಲಿಲ್ಲ. ಕೂಡಿಸಲು ಹೊರಟೆವು. ನಿಯಮದ ಶೇಕಡಾವಾರು ಲೆಕ್ಕ ಹಾಕಿದರೆ ಒಂದು ವರ್ಗದಿಂದ ಒಬ್ಬ ಪೂರ್ಣ ಮನುಷ್ಯ ಮತ್ತು ಇನ್ನೊಬ್ಬನ ಹೆಬ್ಬೆರಳು ಮಾತ್ರ ಬೇಕಾಗುತ್ತಿತ್ತು. ಹೆಬ್ಬೆರಳನ್ನು ಪ್ರತ್ಯೇಕವಾಗಿ ನೇಮಿಸುವುದು ಹೇಗೆಂದು ಸಾಹೇಬರು ಮೇಲಕ್ಕೆ ಪತ್ರ ಬರೆದರು. ಉತ್ತರ ಇನ್ನೂ ಬಂದಿಲ್ಲ. ಸಭೆಯ ದಿನ ಒಬ್ಬ ಹಿರಿಯ ಸದಸ್ಯರು ‘ಜೀವವೈವಿಧ್ಯ’ವನ್ನು ‘ಜೀವವಿಮೆ’ ಎಂದು ಕೇಳಿಸಿಕೊಂಡು ತಮ್ಮ ಬಾಂಡುಗಳನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದರು. ಹೋರಿಯ ವಿಷಯ ಎಂದು ತಿಳಿದ ಮೇಲೆ ಕೇಳಿದರು: “ಮತ್ತ ಹೋರಿಗೆ ನಾಮಿನಿ ಯಾರ್ರಿ?”

ಸಮಿತಿಯಲ್ಲಿ ಸುಜಾತಾ ಎಂಬ ಅಂಗನವಾಡಿ ಶಿಕ್ಷಕಿ ಇದ್ದರು. ಬೌದ್ಧರ ಮನೆಯವರು, ಠರಾವು ಬರೆಯುವ ಕೆಲಸ ಅವರದು. ಮಾತು ಮಲ್ಲಯ್ಯನ ಕಡೆ ಹೊರಳಿದಾಗ ಪೆನ್ನು ಕೆಳಗಿಟ್ಟರು.

“ನೋಡ್ರಿ, ನಾವು ಬೌದ್ಧರು. ಮಲ್ಲಯ್ಯನ ಹೆಸರಿಗೆ ನಾ ಕೈ ಎತ್ತೂದಿಲ್ಲ. ಹೋರಿ ಹೆಸರಿಗೆ ಎರಡೂ ಕೈ ಎತ್ತತೇನಿ.”

“ಯಾಕ ಬಾಯಿ, ಹೋರಿ ಏನ್ ನಿಮ್ಮ ಬೀಗರೇನು?” ಎಂದು ಯಾರೋ ಚುಚ್ಚಿದರು.

“ಬೀಗರಕಿಂತ ಹೆಚ್ಚಿಂದು. ಇದರ ಅಜ್ಜನ್ನ ಮೇಸಿದಾಂವ ನಮ್ಮಪ್ಪ. ತಾಯವ್ವಾಯಿ ಮನ್ಯಾಗ ದುಡೀತಿದ್ದ. ನನಗ ಅಂಗಿ ಇರಲಿಲ್ಲ, ಅದಕ್ಕ ಗೆಜ್ಜಿ ಇದ್ದುವು. ಸಣ್ಣಾಕಿ ಇದ್ದಾಗ ಅದರ ಮ್ಯಾಲ ನಂದು ಭಾಳ ಸಿಟ್ಟಿತ್ತು.” ನಕ್ಕರು. “ಈಗ ನಮ್ಮಪ್ಪನ ಕೈಗುಣ ಉಳದದ್ದು ಇದೊಂದರಾಗ. ಬರ್ಕೊಳ್ರಿ, ನನ್ನ ಮತ ಐತಿ.”

ಬರೆದುಕೊಳ್ಳಬೇಕಾದವರು ತಾವೇ ಎಂದು ನೆನಪಾಗಿ ಪೆನ್ನು ಎತ್ತಿಕೊಂಡರು. ಠರಾವು ಸರ್ವಾನುಮತದಿಂದ ಪಾಸಾಯಿತು. ಬಾಂಡು ತಂದವರೂ ಕೈ ಎತ್ತಿದರು.

ಉಳಿದದ್ದು ಒಂದೇ ಸಹಿ. ಕಾರಹುಣ್ಣಿಮೆ ಹತ್ತಿರ ಬಂದಿತ್ತು. ಸಾಹೇಬರು ಸ್ವತಃ ಜೀಪು ಹತ್ತಿದರು. ತಾಯವ್ವನ ಅಂಗಳದಲ್ಲಿ ಹೊರಸು ಹಾಕಿದರು. ಅಪ್ಪಾಸಾಬ ಚಹಾ ತಂದ. ಸುಜಾತಾ ಬಾಯಿ ಠರಾವಿನ ಪ್ರತಿಯೊಂದಿಗೆ ಬಂದಿದ್ದರು. ಸರಜಾ ಗೂಟದಲ್ಲಿ ನಿಂತು ತನ್ನ ಬಗ್ಗೆ ನಡೆಯುವ ವ್ಯವಹಾರವನ್ನು ನಮ್ಮೆಲ್ಲರಿಗಿಂತ ಗಂಭೀರವಾಗಿ ನೋಡುತ್ತಿದ್ದ. ಸಾಹೇಬರು ನಮೂನೆಯ ಕೊನೆಗೆ ಬೆರಳಿಟ್ಟರು. ಅಲ್ಲಿ ಅಚ್ಚಾಗಿತ್ತು: ‘ಮಾಲಕರ ಸಹಿ’.

ನಾಲ್ಕನೆಯ ಇಯತ್ತೆ ಕಲಿತ ತಾಯವ್ವ ಅಕ್ಷರ ಕೂಡಿಸಿ ಓದಿದಳು. ಪೆನ್ನು ಹಿಂದಕ್ಕೆ ಕೊಟ್ಟಳು.

“ನಾ ಹಾಕೂದಿಲ್ರಿ. ಮಾಲಕ ನಾ ಅಲ್ಲ.”

“ಅವ್ವಾ!” ಎಂದು ಅಪ್ಪಾಸಾಬ ತಲೆ ಹಿಡಿದುಕೊಂಡ. “ಕೊಡ್ರಿ ಇಲ್ಲೆ, ನಾ ಹಾಕತೇನಿ.”

“ಹಾಕಿ ನೋಡ. ಹಾಕಿದ ಮ್ಯಾಲ ಈ ಮನ್ಯಾಗ ನಿನಗ ರೊಟ್ಟಿ ಯಾರ ಬಡೀತಾರ ಅದನೂ ನೋಡ.”

“ತಾಯಿ, ಗಣತಿಯಲ್ಲಿ ಈ ಮನೆಯ ಜಾನುವಾರು ನಿಮ್ಮ ಹೆಸರಿನಲ್ಲಿದೆ. ಮಗನ ಸಹಿ ನಡೆಯೋದಿಲ್ಲ,” ಎಂದರು ಸಾಹೇಬರು. “ನೀವು ಮಾಲಕರಲ್ಲ ಅಂದರೆ ಯಾರು?”

“ಅವತ್ತ ಇವರ ಮುಂದ ಹೇಳೇನಲ್ಲ. ಮಲ್ಲಯ್ಯ.” ಅವಳ ದನಿ ಗಟ್ಟಿಯಾಗಿರಲಿಲ್ಲ. “ಸಾಹೇಬ್ರ, ಒಂದ ಸಲ ಸುಳ್ಳು ಹೇಳಿ ಅಂವನ ಹೆಸರು ತಗೊಂಡೆ, ಹೋರಿ ಉಳೀತು. ಅಂವ ನಡಿಸಿಕೊಟ್ಟ. ಈಗ ಮೇವಿನ ಆಸೇಕ್ಕ ನಂದ ಅಂತ ಬರದ್ರ, ನಾ ಯಾವ ಮಾರಿ ಇಟ್ಕೊಂಡು ಆ ಜಗಲಿ ಮುಂದ ನಿಲ್ಲಲಿ? ಬ್ಯಾಡ್ರಿ. ನಡಿಸ್ಕೊಂಡು ಹೋಗ್ತೇನಿ.”

ಅವಳನ್ನು ಒತ್ತಾಯಿಸುವ ಮನಸ್ಸು ಯಾರಿಗೂ ಇರಲಿಲ್ಲ. ಮಂಗಸೂಳಿಗೆ ಹೋಗಿ ಪೂಜಾರಿಗಳ ಸಹಿ ತರೋಣವೇ ಎಂದೆ. “ಅವರು ದೇವರ ಮುಖತ್ಯಾರರೇ? ಪತ್ರ ಇದೆಯೇ?” ಎಂದರು ಸಾಹೇಬರು.

ಸಾಹೇಬರು ಚೀಲದಿಂದ ಸುತ್ತೋಲೆ ತೆಗೆದು ಮೊದಲಿನಿಂದ ಕೊನೆಯತನಕ ಓದಿದರು. ಹಿಂದೆ ತಿರುವಿ ಖಾಲಿ ಬದಿಯನ್ನೂ ನೋಡಿದರು. ಮಡಚಿ ಒಳಗಿಟ್ಟರು. ಬಹಳ ಹೊತ್ತು ಸರಜಾನನ್ನೇ ನೋಡಿದರು. ಚಹಾ ಆರಿತು. ನಾನು ಜೀಪಿನ ಕಡೆ ನೋಡತೊಡಗಿದ್ದೆ.

“ತಾಯಿ,” ಎಂದರು ಇದ್ದಕ್ಕಿದ್ದಂತೆ, “ಈ ಹೋರಿಗೆ ನೀರು ಯಾರು ಕುಡಿಸ್ತಾರೆ?”

“ನಾನ.”

“ಮೈ ತೊಳೆಯೋರು? ರೋಗ ಬಂದರೆ ರಾತ್ರಿ ಎದ್ದು ನೋಡೋರು?”

“ಮತ್ಯಾರ ನೋಡ್ತಾರ್ರಿ? ನಾನ.”

ಸಾಹೇಬರು ಜೇಬಿನಿಂದ ಸರ್ಕಾರಿ ಪೆನ್ನು ತೆಗೆದು, ನಮೂನೆಯನ್ನು ಮೊಣಕಾಲ ಮೇಲಿಟ್ಟು, ಅಚ್ಚಾದ ‘ಮಾಲಕರ ಸಹಿ’ಯಲ್ಲಿ ಮೊದಲ ಅಕ್ಷರ ‘ಮಾ’ವನ್ನು ಹೊಡೆದು, ಅದರ ನೆತ್ತಿಯ ಮೇಲೆ ‘ಪಾ’ ಎಂದು ಬರೆದರು. ಪಕ್ಕದಲ್ಲಿ ತಮ್ಮ ಸಣ್ಣ ಸಹಿ ಹಾಕಿದರು. ಪಾಲಕರ ಸಹಿ.

ನನಗೆ ಹೊರಸಿನ ಮೇಲೆ ಕುಳಿತಿರಲು ಆಗಲಿಲ್ಲ. ಈ ಮನುಷ್ಯ ಸರ್ಕಾರಿ ಅಚ್ಚಿನಲ್ಲಿ ಕೈಯಾಡಿಸಿದ್ದನ್ನು ನಾನು ಕನಸಿನಲ್ಲೂ ಕಂಡವನಲ್ಲ. ಮೆಲ್ಲಗೆ ಕೇಳಿದೆ: “ಸರ್, ಇದಕ್ಕ ಸುತ್ತೋಲೆ...?”

“ಇಲ್ಲ.” ಅವರು ನನ್ನ ಕಡೆ ನೋಡಲಿಲ್ಲ. “ಇದು ಅಚ್ಚಿನ ದೋಷ ಕಣ್ರೀ. ತಿದ್ದಿದ್ದೇನೆ.”

ತಾಯವ್ವ ಮತ್ತೆ ಅಕ್ಷರ ಕೂಡಿಸಿ ಓದಿದಳು. ಪಾ. ಲ. ಕ. ಒಮ್ಮೆ ಜಗಲಿಯ ಕಡೆ ನೋಡಿದಳು, ಕೇಳಿಕೊಂಡವಳಂತೆ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಸಹಿ ಬಿದ್ದಿತು. ಅಪ್ಪಾಸಾಬ ಹೋಗಿ ಹೋರಿಯ ಬೆನ್ನಿಗೆ ಒಂದು ಗುದ್ದು ಹಾಕಿದ: “ನಡೀ ಮಗನ, ಸರ್ಕಾರಿ ನೌಕರಿ ಹತ್ತಿತು ನಿನಗ. ನನಗ ಹತ್ತಲಿಲ್ಲ.”

ಮೇಲಿನ ಕಚೇರಿಯಿಂದ ಯಾವ ಆಕ್ಷೇಪವೂ ಬರಲಿಲ್ಲ. ಯಾರೂ ಓದಿರಲಿಲ್ಲವೋ, ಓದಿ ಅಚ್ಚಿನ ದೋಷವೆಂದು ಒಪ್ಪಿದರೋ ನಾನು ವಿಚಾರಿಸಲಿಲ್ಲ. ಆ ಕಾರಹುಣ್ಣಿಮೆಗೆ ಸರಜಾನ ಕೊಂಬಿಗೆ ಬಣ್ಣ ಬಂತು. ಅವನು ಮಂಗಸೂಳಿಗೆ ಹೋಗಲಿಲ್ಲ, ಊರ ಸುತ್ತ ಒಂದು ಸುತ್ತು ಹೋಗಿ ಮನೆಗೆ ಬಂದು ಸರ್ಕಾರದ ಮೇವು ತಿಂದ. ಮಳೆಗಾಲ ಕಳೆಯುವ ಹೊತ್ತಿಗೆ ಪಕ್ಕೆಲುಬು ಮುಚ್ಚಿದವು. ಜುಗೂಳದಿಂದ ಒಂದು ಆಕಳು ಟೆಂಪೋದಲ್ಲಿ ಬಂತು. ಮಂಗಸೂಳಿಯಿಂದ ಎರಡು ನಡೆದು ಬಂದವು. ರಾಯಬಾಗದವನೊಬ್ಬ ಮೂರು ತಾಸು ಹಾದಿ ಸವೆಸಿ ಬಂದು, ಅಂಗಳದಲ್ಲಿ ನಿಂತು, “ಹೋರಿ ನೋಡಿದ್ರ ಸಾಕ್ರಿ, ಖರ್ಚು ವಸೂಲ್” ಎಂದ. ಎತ್ತು ಹೂಡುವವರು ಪೂರ್ತಿ ಹೋಗಿರಲಿಲ್ಲ. ಕಬ್ಬಿನ ಸಂದಿಯಲ್ಲಿ ನಮ್ಮಿಂದ ಅಡಗಿಕೊಂಡಿದ್ದರು, ಅಷ್ಟೇ. ಕಬ್ಬು ಮತ್ತೆ ಅಲ್ಲಾಡಿತು.

ಸಾಹೇಬರು ನನಗಿಂತ ಮೊದಲು ನಿವೃತ್ತರಾಗಿ ತಮ್ಮ ಊರಿಗೆ ಹೋದರು. ಬೀಳ್ಕೊಡುಗೆಯ ದಿನ ಭಾಷಣಕ್ಕೆ ಕಾಗದ ತರಲಿಲ್ಲ. ಸರಜಾ ಮುಪ್ಪಾಗಿ, ಸುಖವಾಗಿ, ತನ್ನ ಗೂಟದಲ್ಲೇ ಕಣ್ಣು ಮುಚ್ಚಿದ. ಆ ಹೊತ್ತಿಗೆ ಅವನ ಕಣ್ಣಿನ ಕಾಡಿಗೆ ಐದಾರು ಊರುಗಳಲ್ಲಿ ಕಾಣುತ್ತಿತ್ತು.

ನನ್ನ ನೌಕರಿಯ ಕೊನೆಯ ದಿನಗಳಲ್ಲಿ ಮತ್ತೊಂದು ಹೊಸ ಪದ್ಧತಿ ಬಂತು. ದೇಶದ ಪ್ರತಿ ದನದ ಕಿವಿಗೂ ಒಂದು ಬಿಲ್ಲೆ, ಬಿಲ್ಲೆಯ ಮೇಲೊಂದು ಸಂಖ್ಯೆ. ಇಕ್ಕಳವೂ ಬೇಕು ಮತ್ತೆ, ಆದರೆ ಇದು ಕಿವಿಯ ಇಕ್ಕಳ, ವಂಶಕ್ಕೆ ಅಪಾಯವಿಲ್ಲ. ತಾಯವ್ವನ ಅಂಗಳಕ್ಕೆ ಹೋದೆ. ಸರಜಾನ ಮಗ, ಇನ್ನೂ ಹಾಲುಹಲ್ಲಿನವನು, ಅದೇ ಗೂಟದಲ್ಲಿದ್ದ. ಬೆಳ್ಳಗೆ, ನೆಟ್ಟಗೆ. ನಾನು ಚೀಲಕ್ಕೆ ಕೈ ಹಾಕಿದೆ. ತಾಯವ್ವ ಇಕ್ಕಳ ನೋಡಿದಳು. ಹಳೆಯ ಅಭ್ಯಾಸ, ಎದ್ದೇಬಿಟ್ಟಳು.

“ಇದು ಬರೇ ಕಿವಿಗೆ ಬೇ, ಕಿವಿಗೆ,” ಎಂದೆ. “ಇದರಾಗ ನಂಬರ್ ಐತಿ. ದೇಶದಾಗ ಎಲ್ಲಿ ಹೋದ್ರೂ ಇಂವ ಯಾರಂತ ತಿಳೀತೈತಿ. ತಳಿ ಅಂತ ಕೇಳ್ಯಾರ, ಖಿಲ್ಲಾರಿ ಅಂತ ಬರ್ಯಾಕತ್ತೇನಿ. ಈಗ ಯಾರೂ ಅಳಸೂದಿಲ್ಲ.”

ಕಟ್ ಎಂದಿತು. ಕರು ಕಿವಿ ಝಾಡಿಸಿತು. ತಾಯವ್ವ ಹತ್ತಿರ ಬಂದು, ಆ ಬಿಲ್ಲೆಯನ್ನು ಬೆರಳಲ್ಲಿ ಹಿಡಿದು, ಬಿಸಿಲಿಗೆ ತಿರುಗಿಸಿ ನೋಡಿದಳು. ಹಳದಿ. ಹೊಳೆಯುವ, ಅಚ್ಚ ಹಳದಿ.

“ಈ ಬಣ್ಣಾ ಯಾಕ ಹಚ್ಯಾರ್ರಿ?”

“ಯಾಕಂತ ಸುತ್ತೋಲೆಯಾಗ ಹೇಳಿಲ್ಲ.”

ಅವಳು ನಕ್ಕಳು. ಬಾಗಿಲ ಕಡೆ ತಿರುಗಿ ಮಗನನ್ನು ಕೂಗಿದಳು:

“ಅಪ್ಪಾಸಾಬ, ಲಗೂನ ಬಾ ಇಲ್ಲೆ! ದಿಲ್ಲಿಯವ್ರೂ ಭಂಡಾರ ಹಚ್ಚಾಕ ಕಲ್ತಾರ ನೋಡೋ!”